ಪುಸ್ತಕದ ಬ್ಯಾರ

ಹಾರೋಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಏನು ಸಿಗುವುದಿಲ್ಲ ಹೇಳಿ? ಬೇರಿಂಗ್ ಬೇಕೇ, ಗ್ರೀಸ್ ಬೇಕೇ, ಸೇಫ್ಟಿ ಶೂ ಬೇಕೇ, ರಾತ್ರಿ ಪಾಳಿ ಮುಗಿಸಿ ಬಂದವನಿಗೆ ಬೆಳಗ್ಗೆ ಆರು ಗಂಟೆಗೆ ಬಿಸಿ ಪರೋಟ ಬೇಕೇ, ಎಲ್ಲವೂ ಉಂಟು. ಬೆಂಗಳೂರಿನಿಂದ ಕನಕಪುರ ರಸ್ತೆಯಲ್ಲಿ ಸುಮಾರು 40 ಕಿಲೋಮೀಟರ್ ಬಂದರೆ ಈ ಊರು. ಕೆಐಎಡಿಬಿಯವರು ಹಂತ ಹಂತವಾಗಿ ಜಾಗ ಬಿಡಿಸಿ ಕಾರ್ಖಾನೆಗಳಿಗೆ ಕೊಟ್ಟರು. ಈಗ ಪಾಳಿ ಬಿಡುವ ಹೊತ್ತಿಗೆ ರಸ್ತೆಯಲ್ಲಿ ನಿಂತರೆ ಉತ್ತರ ಕರ್ನಾಟಕದ ಕನ್ನಡ, ಬಿಹಾರದ ಹಿಂದಿ, ಒಡಿಯಾ, ತಮಿಳು, ಉರ್ದು ಎಲ್ಲ ಒಟ್ಟಿಗೆ ಕೇಳುತ್ತದೆ. ಮಧ್ಯೆ ಎಲ್ಲೋ ನಮ್ಮ ಬ್ಯಾರಿ ಮಾತು ಕೂಡ. ಬೇಕರಿ, ಹೋಟೆಲು, ಕ್ಯಾಂಟೀನು ಅಂತ ಕರಾವಳಿಯಿಂದ ಬಂದವರು ಇಲ್ಲದ ಕೈಗಾರಿಕಾ ಪ್ರದೇಶ ಈ ರಾಜ್ಯದಲ್ಲಿ ಇದೆಯೋ ಇಲ್ಲವೋ, ಹುಡುಕಬೇಕು.

ಆದರೆ ಒಂದು ಕಥೆ ಪುಸ್ತಕ ಬೇಕು ಅಂದರೆ? "ಬುಕ್ ಸ್ಟಾಲ್" ಅಂತ ಬೋರ್ಡು ಇರುವ ಅಂಗಡಿಗೆ ನಾನು ಹೋಗಿದ್ದೇನೆ. ನೋಟ್ ಪುಸ್ತಕ, ಜೆರಾಕ್ಸು, ಹತ್ತನೇ ತರಗತಿ ಗೈಡು, ರಿಚಾರ್ಜು. ಓದುವ ಪುಸ್ತಕ ಕೇಳಿದರೆ "ಬೆಂಗಳೂರಿಗೇ ಹೋಗ್ಬೇಕು ಸಾರ್" ಅಂತಾರೆ. ಅಂಗಡಿಯವರದು ತಪ್ಪಲ್ಲ, ಯಾರೂ ಕೇಳುವುದಿಲ್ಲ ಎಂಬುದು ಅವರ ಉತ್ತರ. ಸಿಗದ ವಸ್ತುವನ್ನು ಯಾರು ಕೇಳ್ತಾರೆ ಎಂಬುದು ನನ್ನ ಪ್ರಶ್ನೆ.

ಅದಕ್ಕೇ ಇವತ್ತು ಪುಸ್ತಕದಂಗಡಿಗಳ ಚರಿತ್ರೆ ಸ್ವಲ್ಪ ಹೇಳುತ್ತೇನೆ. ದೊಡ್ಡ ಕಂಪೆನಿಗಳ ಮಳಿಗೆಯದ್ದಲ್ಲ. ಒಬ್ಬ ಮನುಷ್ಯ, ಒಂದು ಸಣ್ಣ ಜಾಗ, ತನ್ನದೇ ಬಂಡವಾಳ, ತನ್ನದೇ ಆಯ್ಕೆ ಅಂತ ನಡೆದ ಅಂಗಡಿಗಳದ್ದು. ಬ್ಯಾರಿ ಎಂಬ ಹೆಸರೇ "ಬ್ಯಾರ" ಅಂದರೆ ವ್ಯಾಪಾರ ಎಂಬ ತುಳು ಮಾತಿನಿಂದ ಬಂತು ಎಂದು ಹೇಳುವವರು ನಮ್ಮಲ್ಲಿ ಬಹಳ. ಹಾಗಿದ್ದರೆ ಈ ಬ್ಯಾರದ ಲೆಕ್ಕ ನಮಗೆ ಬೇಗ ಅರ್ಥ ಆಗಬೇಕು.

ಹಾರೋಹಳ್ಳಿಯಿಂದ ಬಸ್ಸು ಹತ್ತಿ ಬೆಂಗಳೂರು ಸೇರಿ ಚರ್ಚ್ ಸ್ಟ್ರೀಟಿಗೆ ಹೋದರೆ ಅಲ್ಲಿ ಬ್ಲಾಸಮ್ ಅಂತ ಒಂದು ಅಂಗಡಿ ಇದೆ. ಮಹಡಿ ಮೇಲೆ ಮಹಡಿ, ನೆಲದಿಂದ ಸೂರಿನವರೆಗೆ ಹೊಸದು ಹಳೆಯದು ಎಲ್ಲ ಪುಸ್ತಕ. ಇದನ್ನು ಕಟ್ಟಿದ ಮಾಯಿಗೌಡರು ಹಳ್ಳಿಯಿಂದ ಬೆಂಗಳೂರಿಗೆ ಎಂಜಿನಿಯರಿಂಗ್ ಓದಲು ಬಂದವರು. ಖರ್ಚಿಗೆ ದುಡ್ಡು ಬೇಕಲ್ಲ, ಎಂ.ಜಿ. ರಸ್ತೆಯ ಫುಟ್‌ಪಾತ್‌ನಲ್ಲಿ ಹಳೆ ಪುಸ್ತಕ ಹರಡಿ ಕೂತರು. 2002ರ ಸುಮಾರಿಗೆ ಒಂದು ಚಿಕ್ಕ ಕೋಣೆ ಹಿಡಿದರು. ಈಗ ದೇಶದ ಅತಿ ದೊಡ್ಡ ಹಳೆ ಪುಸ್ತಕದಂಗಡಿಗಳ ಸಾಲಿನಲ್ಲಿ ಅದರ ಹೆಸರು ಬರುತ್ತದೆ. ಅದೇ ಬೀದಿಯ ಬುಕ್‌ವರ್ಮ್ ಅಂಗಡಿಯ ಕೃಷ್ಣಗೌಡರ ಕಥೆಯೂ ಹೀಗೇ, ಫುಟ್‌ಪಾತ್‌ನಿಂದಲೇ ಶುರು. ಇಬ್ಬರಿಗೂ ಅಪ್ಪ ಮಾಡಿಟ್ಟ ಅಂಗಡಿ ಇರಲಿಲ್ಲ. ಹಳೆ ಪುಸ್ತಕ ಎಲ್ಲಿ ಅಗ್ಗಕ್ಕೆ ಸಿಗುತ್ತದೆ, ಯಾವುದನ್ನು ಯಾರು ಕೇಳುತ್ತಾರೆ ಎಂಬ ತಿಳಿವಳಿಕೆಯೇ ಬಂಡವಾಳ.

ಇನ್ನೂ ಹಳೆಯದು ಸೆಲೆಕ್ಟ್ ಬುಕ್ ಶಾಪ್. 1945ರಲ್ಲಿ ಕೆ.ಬಿ.ಕೆ. ರಾವ್ ಎಂಬವರು ಮ್ಯೂಸಿಯಂ ರಸ್ತೆಯಲ್ಲಿ ತೆರೆದದ್ದು. ಅವರ ನಂತರ ಮಗ ಕೆ.ಕೆ.ಎಸ್. ಮೂರ್ತಿ ನಡೆಸಿದರು. ಅವರು ವಿಮಾನದ ಎಂಜಿನಿಯರ್ ಆಗಿದ್ದವರು. ವಿಮಾನ ಬಿಟ್ಟು ಹಳೆ ಪುಸ್ತಕದ ಧೂಳು ಕೊಡವುತ್ತಾ ಕೂರುವುದು ಎಂದರೆ ನಮ್ಮಲ್ಲಿ ಯಾರಾದರೂ ಹೆಣ್ಣು ಕೊಡ್ತಾರಾ? ಆದರೆ ಆ ಅಂಗಡಿ ಮೂರು ತಲೆಮಾರು ಓದುಗರನ್ನು ಕಂಡಿತು.

ನನಗೆ ಹೆಚ್ಚು ಹತ್ತಿರ ಅನಿಸುವುದು ಪ್ರೀಮಿಯರ್ ಬುಕ್ ಶಾಪ್ ಕಥೆ, ಏಕೆಂದರೆ ಅದು ನಮ್ಮ ಕಡೆಯವರದು. ಟಿ.ಎಸ್. ಶಾನುಭಾಗರು ಕುಂದಾಪುರದವರು. ಕರಾವಳಿಯ ಎಷ್ಟೋ ಹುಡುಗರಂತೆ ಕೆಲಸಕ್ಕೆ ಬೊಂಬಾಯಿಗೆ ಹೋದರು. ಅಲ್ಲಿ ಅವರ ಮಾವ ಟಿ.ಎನ್. ಶಾನುಭಾಗರು ಸ್ಟ್ರ್ಯಾಂಡ್ ಬುಕ್ ಸ್ಟಾಲ್ ನಡೆಸುತ್ತಿದ್ದರು. ಆ ಸ್ಟ್ರ್ಯಾಂಡ್ ಹುಟ್ಟಿದ್ದೇ 1948ರಲ್ಲಿ, ಕೊಲಾಬದ ಸ್ಟ್ರ್ಯಾಂಡ್ ಸಿನಿಮಾ ಟಾಕೀಸಿನೊಳಗೆ ಒಂದು ಗೂಡಂಗಡಿಯಾಗಿ. ಸಿನಿಮಾ ನೋಡಲು ಬಂದವರಿಗೆ ಪುಸ್ತಕ ಮಾರಿದ ಮನುಷ್ಯ 2003ರಲ್ಲಿ ಪದ್ಮಶ್ರೀ ಪಡೆದರು. ಪುಸ್ತಕ ವ್ಯಾಪಾರಿಯೊಬ್ಬರಿಗೆ ಪದ್ಮಶ್ರೀ! ಅಳಿಯ ಅಲ್ಲಿ ಕೆಲಸ ಕಲಿತು, ಬೆಂಗಳೂರಿಗೆ ಬಂದು, 1971ರಲ್ಲಿ ಚರ್ಚ್ ಸ್ಟ್ರೀಟ್ ಹತ್ತಿರ ಪ್ರೀಮಿಯರ್ ತೆರೆದರು.

ಕರಾವಳಿಯ ಹುಡುಗ ಬೊಂಬಾಯಿಯಲ್ಲಿ ಸಂಬಂಧಿಕರ ಅಂಗಡಿಯಲ್ಲಿ ನಿಂತು ಕಲಿತು ಆಮೇಲೆ ಸ್ವಂತ ಅಂಗಡಿ ಹಾಕುವುದು, ಇದು ನಮ್ಮ ಮನೆಗಳಲ್ಲಿ ಎಷ್ಟು ಸಲ ಕೇಳಿದ ಕಥೆ! ನಮ್ಮವರು ಹೋಟೆಲು, ಬಟ್ಟೆ, ಮೀನು, ಮರದ ಡಿಪ್ಪೋ ಕಲಿತು ಬಂದರು. ಇವರು ಪುಸ್ತಕ ಕಲಿತು ಬಂದರು. ವ್ಯತ್ಯಾಸ ಅಷ್ಟೆ.

ಪ್ರೀಮಿಯರ್ ತೀರಾ ಸಣ್ಣದು. ಮಧ್ಯದಲ್ಲಿ ಪುಸ್ತಕದ ಗುಡ್ಡೆ, ಸುತ್ತ ಒಬ್ಬರು ಹೋದರೆ ಇನ್ನೊಬ್ಬರು ನಿಲ್ಲಬೇಕಾದಷ್ಟು ದಾರಿ. ಹೊರಗಿನಿಂದ ನೋಡಿದವರಿಗೆ ಅವ್ಯವಸ್ಥೆ. ಆದರೆ ಹೆಸರು ಹೇಳಿದರೆ ಶಾನುಭಾಗರು ಆ ಗುಡ್ಡೆಯಿಂದ ಬೇಕಾದ್ದನ್ನೇ ಎಳೆದು ಕೊಡುತ್ತಿದ್ದರಂತೆ. ಕೇಳದೆಯೇ ರಿಯಾಯಿತಿ ಕೊಡುತ್ತಿದ್ದರು. ಇತಿಹಾಸಕಾರ ರಾಮಚಂದ್ರ ಗುಹಾ ಅವರಂಥವರು ಆ ಅಂಗಡಿಯ ಬಗ್ಗೆ ಮತ್ತೆ ಮತ್ತೆ ಬರೆದಿದ್ದಾರೆ. 2009ರಲ್ಲಿ ಜಾಗದ ಗುತ್ತಿಗೆ ಮುಗಿದಾಗ ಬಾಗಿಲು ಹಾಕಿದರು. 2021ರ ಮೇ ತಿಂಗಳಲ್ಲಿ ಕೊರೋನಾದಲ್ಲಿ ತೀರಿಹೋದರು. ಅಂಗಡಿ ಮುಚ್ಚಿ ಹನ್ನೆರಡು ವರ್ಷ ಆಗಿದ್ದರೂ ಬೆಂಗಳೂರಿನ ಪತ್ರಿಕೆಗಳು ಅವರ ಬಗ್ಗೆ ಪುಟಗಟ್ಟಲೆ ಬರೆದವು. ಬೊಂಬಾಯಿಯ ಸ್ಟ್ರ್ಯಾಂಡ್ ಕೂಡ 2018ರ ಫೆಬ್ರವರಿಯಲ್ಲಿ ಮುಚ್ಚಿತು.

ಇದೆಲ್ಲ ಇಂಗ್ಲಿಷ್ ಪುಸ್ತಕದ ಕಥೆ ಆಯಿತು, ಕನ್ನಡದ್ದು ಏನು ಅಂತ ನೀವು ಕೇಳಬಹುದು. ಕನ್ನಡದಲ್ಲಿ ಅಂಗಡಿಗಿಂತ ಮೊದಲು ಬಂದದ್ದು ಹೊರೆ. ಗಳಗನಾಥರೆಂದು ಹೆಸರಾದ ವೆಂಕಟೇಶ ತಿರಕೋ ಕುಲಕರ್ಣಿಯವರು (1869–1942) ಕಾದಂಬರಿ ಬರೆದದ್ದು ಮಾತ್ರವಲ್ಲ, ಆ ಪುಸ್ತಕಗಳನ್ನು ತಾವೇ ಹೊತ್ತುಕೊಂಡು ಊರೂರು ತಿರುಗಿ ಮಾರಿದರು. ನಮ್ಮ ಅಜ್ಜಂದಿರು ತಲೆ ಮೇಲೆ ಒಣಮೀನಿನ ಬುಟ್ಟಿ, ಬಟ್ಟೆ ಗಂಟು ಹೊತ್ತು ಘಟ್ಟ ಹತ್ತಿದ ಹಾಗೆಯೇ. ಆಮೇಲೆ 1933ರಲ್ಲಿ ಧಾರವಾಡದಲ್ಲಿ ಜಿ.ಬಿ. ಜೋಶಿಯವರು ಮನೋಹರ ಗ್ರಂಥಮಾಲೆ ಆರಂಭಿಸಿದರು. ಅವರ ಉಪಾಯ ಬೇರೆ. ಓದುಗರಿಂದ ಮೊದಲೇ ಚಂದಾ ತೆಗೆದುಕೊಳ್ಳುವುದು, ಪುಸ್ತಕ ಅಚ್ಚಾದಾಗ ಮನೆಗೆ ಕಳಿಸುವುದು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಪುಸ್ತಕದ ಚೀಟಿ. ಆ ಗ್ರಂಥಮಾಲೆ ತೊಂಬತ್ತು ವರ್ಷ ದಾಟಿದೆ.

ಮಂಗಳೂರಿನಲ್ಲಿ ಈ ಕೆಲಸ ಇನ್ನೂ ಹಳೆಯದು. ಬಾಸೆಲ್ ಮಿಶನ್ ಪ್ರೆಸ್ 1841ರಲ್ಲಿ ಶುರುವಾಯಿತು. ಅದರ ಜೊತೆಗೇ ಪುಸ್ತಕ ಮಾರುವ ಡಿಪೋ ಬೆಳೆಯಿತು. 1894ರಲ್ಲಿ ಕಿಟ್ಟೆಲ್ ಅವರ ನಿಘಂಟು ಹೊರಬಂದದ್ದು ಆ ಡಿಪೋ ಹೆಸರಿನಲ್ಲಿ. ಸ್ವತಂತ್ರ ಅಂಗಡಿ ಎಂದರೆ ನಮ್ಮ ತಲೆಮಾರಿಗೆ ನೆನಪಾಗುವುದು ಅತ್ರಿ ಬುಕ್ ಸೆಂಟರ್. ಜಿ.ಎನ್. ಅಶೋಕವರ್ಧನ ಅವರು 1975ರಲ್ಲಿ ಆರಂಭಿಸಿ 2012ರವರೆಗೆ ನಡೆಸಿದರು. ಗಿರಾಕಿ ಏನು ಕೇಳಿದರೂ "ಬೇಡ, ಇದನ್ನು ಓದಿ" ಅಂತ ಹೇಳುವ ಧೈರ್ಯ ಇರುವ ವ್ಯಾಪಾರಿಗಳು ಕಡಿಮೆ. ಸುಳ್ಳು ಬೆಲೆ ಹಾಕಿ ದೊಡ್ಡ ರಿಯಾಯಿತಿ ತೋರಿಸುವುದು, ಸರ್ಕಾರದ ಗ್ರಂಥಾಲಯ ಖರೀದಿಯನ್ನೇ ನಂಬಿ ಪುಸ್ತಕ ಅಚ್ಚು ಹಾಕುವುದು, ಇವೆಲ್ಲ ಓದುಗನನ್ನು ಬದಿಗೆ ತಳ್ಳುತ್ತವೆ ಎಂದು ಅವರು ವಾದ ಮಾಡುತ್ತಲೇ ಇದ್ದರು.

ಆ ವಾದದಲ್ಲಿ ಸತ್ಯ ಉಂಟು. ಗ್ರಂಥಾಲಯ ಇಲಾಖೆ ಆಯ್ಕೆ ಮಾಡಿದ ಪುಸ್ತಕಕ್ಕೆ 300 ಪ್ರತಿ ತೆಗೆದುಕೊಳ್ಳುವ ಪದ್ಧತಿ ಇದೆ. ಒಳ್ಳೆಯದೇ. ಆದರೆ ಪ್ರಕಾಶಕನಿಗೆ ಆ 300 ಪ್ರತಿಯೇ ಗುರಿಯಾದರೆ ಉಪ್ಪಿನಂಗಡಿಯಲ್ಲೋ ಹಾರೋಹಳ್ಳಿಯಲ್ಲೋ ಕೂತ ಓದುಗನ ಮುಖ ಅವನಿಗೆ ಯಾಕೆ ಬೇಕು?

ನಮ್ಮ ಸಮುದಾಯದ ಒಳಗೂ ಪುಸ್ತಕದ ಬ್ಯಾರ ಇತ್ತು, ಅದನ್ನು ನಾವು ಹಾಗೆ ಕರೆಯಲಿಲ್ಲ ಅಷ್ಟೆ. ಉರೂಸಿನ ಸಂತೆ ನೆನಪು ಮಾಡಿಕೊಳ್ಳಿ. ಉಳ್ಳಾಲದಲ್ಲಿ ಐದು ವರ್ಷಕ್ಕೊಮ್ಮೆ ಉರೂಸ್ ಆಗುವಾಗ ಬಳೆ, ಹಲ್ವ, ಆಟಿಕೆಯ ಸಾಲಿನಲ್ಲಿ ಕಿತಾಬಿನ ಸ್ಟಾಲೂ ಇರುತ್ತಿತ್ತು. ಅರಬಿ ಮಲಯಾಳಂ ಲಿಪಿಯಲ್ಲಿ ಅಚ್ಚಾದ ಮಾಲೆಗಳು, ಮೌಲೂದ್ ಕಿತಾಬುಗಳು. ತಲಶ್ಶೇರಿ, ಪೊನ್ನಾನಿ, ತಿರೂರಂಗಾಡಿ, ಇವು ಆ ಅಚ್ಚಿನ ದೊಡ್ಡ ಕೇಂದ್ರಗಳು. 1607ರಲ್ಲಿ ಕ್ಯಾಲಿಕಟ್‌ನ ಖಾಝಿ ಮುಹಮ್ಮದ್ ರಚಿಸಿದ ಮುಹ್ಯಿದ್ದೀನ್ ಮಾಲೆ ನಮ್ಮ ಉಮ್ಮಂದಿರ ಬಾಯಲ್ಲಿ ಉಳಿದದ್ದು ಇಂಥ ಸಂತೆ ಸ್ಟಾಲುಗಳಿಂದಲೂ ಹೌದು. ಶಾಲೆಯ ಮೆಟ್ಟಿಲು ಹತ್ತದ ಹೆಂಗಸರು ಆ ತೆಳು ಕಿತಾಬನ್ನು ಓದುತ್ತಿದ್ದರು. ಅವರನ್ನು "ಅನಕ್ಷರಸ್ಥರು" ಎಂದು ಲೆಕ್ಕ ಹಾಕಿದವರಿಗೆ ಈ ಲಿಪಿ ಕಾಣಲಿಲ್ಲ.

ಆಮೇಲೆ ಕನ್ನಡ ಬಂತು. 1978ರಲ್ಲಿ ಸನ್ಮಾರ್ಗ ವಾರಪತ್ರಿಕೆ, ಅದರ ನಂತರದ ವರ್ಷಗಳಲ್ಲಿ ಶಾಂತಿ ಪ್ರಕಾಶನ, ಮದ್ರಸ ಪಠ್ಯಗಳ ಕನ್ನಡ ಆವೃತ್ತಿಗಳು. ಯಾರು ಯಾವ ಸಂಘಟನೆಯವರು ಎಂಬ ಚರ್ಚೆ ಇಲ್ಲಿ ಬೇಡ, ಕನ್ನಡದಲ್ಲಿ ಓದುವ ಅಭ್ಯಾಸ ನಮ್ಮ ಮನೆಯೊಳಗೆ ಬಂದದ್ದರಲ್ಲಿ ಎಲ್ಲರ ಪಾಲೂ ಉಂಟು. ಸಾರಾ ಅಬೂಬಕರ್ ಅವರನ್ನು ನೋಡಿ. ಕಾಸರಗೋಡಿನಲ್ಲಿ ಹುಟ್ಟಿ ಮಂಗಳೂರಿನಲ್ಲಿ ಬದುಕಿದವರು. "ಚಂದ್ರಗಿರಿಯ ತೀರದಲ್ಲಿ" 1981ರಲ್ಲಿ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. 1994ರಿಂದ ಅವರು ಚಂದ್ರಗಿರಿ ಪ್ರಕಾಶನ ಎಂಬ ಹೆಸರಲ್ಲಿ ತಮ್ಮ ಪುಸ್ತಕಗಳನ್ನು ತಾವೇ ಹೊರತಂದರು. ಅವರ ಬರಹದ ಬಗ್ಗೆ ನಮ್ಮಲ್ಲಿ ಒಪ್ಪುವವರು, ಒಪ್ಪದವರು ಇಬ್ಬರೂ ಇದ್ದಾರೆ. ಆದರೆ ಬರೆದವರೇ ಅಚ್ಚು ಹಾಕಿಸಿ, ಬಂಡಲು ಕಟ್ಟಿ, ಮಾರಿದ ಲೆಕ್ಕ ಇಟ್ಟುಕೊಳ್ಳುವುದು ಎಂದರೆ ಅದು ಗಳಗನಾಥರ ದಾರಿಯೇ.

ನಾನು ಕಿತಾಬು ಕಲಿತ ಕಾಲದಲ್ಲಿ ಉಸ್ತಾದರು ಬಗ್ದಾದಿನ ವರ್ರಾಕ್‌ಗಳ ಬಗ್ಗೆ ಹೇಳುತ್ತಿದ್ದರು. ವರಕ್ ಅಂದರೆ ಹಾಳೆ, ವರ್ರಾಕ್ ಅಂದರೆ ಹಾಳೆಯ ಕೆಲಸದವ: ಕಾಗದ ಮಾರುವವ, ಪ್ರತಿ ಮಾಡುವವ, ಪುಸ್ತಕ ಮಾರುವವ ಎಲ್ಲ ಅವನೇ. ಒಂಬತ್ತನೇ ಶತಮಾನದ ಯಅ್‌ಕೂಬಿ ಬಗ್ದಾದಿನ ಒಂದು ಪೇಟೆಯಲ್ಲಿ ಇಂಥ 100ಕ್ಕೂ ಹೆಚ್ಚು ಅಂಗಡಿ ಇದ್ದವು ಎಂದು ಬರೆದಿದ್ದಾರೆ. ಬಸ್ರಾದ ಅಲ್ ಜಾಹಿಝ್ ಪುಸ್ತಕ ಕೊಳ್ಳಲು ದುಡ್ಡಿಲ್ಲದೆ ರಾತ್ರಿ ಹೊತ್ತು ಇಂಥ ಅಂಗಡಿಯನ್ನೇ ಬಾಡಿಗೆಗೆ ಹಿಡಿದು ಬೆಳಗಿನವರೆಗೆ ಓದುತ್ತಿದ್ದರಂತೆ. ಹಿಜರಿ 377ರಲ್ಲಿ, ಅಂದರೆ 987ರಲ್ಲಿ, ತಮಗೆ ಗೊತ್ತಿದ್ದ ಪುಸ್ತಕಗಳಿಗೆಲ್ಲ "ಫಿಹ್ರಿಸ್ತ್" ಎಂಬ ಪಟ್ಟಿ ಮಾಡಿದ ಇಬ್ನು ನದೀಮ್ ಒಬ್ಬ ವರ್ರಾಕ್. ಅದರಲ್ಲಿ ಹೆಸರಿರುವ ಎಷ್ಟೋ ಪುಸ್ತಕಗಳು ಇವತ್ತು ಇಲ್ಲ, ಅವು ಇದ್ದವು ಎಂದು ಗೊತ್ತಾಗುವುದೇ ಆ ಅಂಗಡಿಯವನ ಪಟ್ಟಿಯಿಂದ.

ಸರಿ, ಈಗ ಲೆಕ್ಕಕ್ಕೆ ಬರೋಣ. ನಮ್ಮವರು ಕೊನೆಗೆ ಕೇಳುವುದು ಅದೇ ತಾನೆ, "ಉಸ್ತಾದೇ, ಇದರಲ್ಲಿ ಎಷ್ಟು ಉಳೀತದೆ?"

200 ರೂಪಾಯಿ ಮುಖಬೆಲೆಯ ಕನ್ನಡ ಪುಸ್ತಕ ಅಂತ ಇಟ್ಟುಕೊಳ್ಳಿ. ಪ್ರಕಾಶಕರು ಅಂಗಡಿಗೆ ಶೇ. 35 ಬಿಟ್ಟರೆ 70 ರೂಪಾಯಿ. ಗಿರಾಕಿಗೆ ಶೇ. 10 ಬಿಡಬೇಕು, 20 ಹೋಯಿತು. ಉಳಿದದ್ದು 50. ಬಾಡಿಗೆ 10,000, ಒಬ್ಬ ಹುಡುಗನ ಸಂಬಳ 12,000, ಕರೆಂಟು ಮತ್ತು ಸಣ್ಣ ಖರ್ಚು 1,000 ಅಂದರೆ ತಿಂಗಳಿಗೆ 23,000. ಇದನ್ನು ಎತ್ತಲು 460 ಪುಸ್ತಕ ಹೋಗಬೇಕು. ತಿಂಗಳಿಗೆ 26 ದಿನ ಅಂಗಡಿ ತೆರೆದರೆ ದಿನಕ್ಕೆ 18 ಪುಸ್ತಕ. ಮಾಲೀಕನ ಮನೆಗೆ ಇನ್ನೂ ಒಂದು ರೂಪಾಯಿ ಹೋಗಿಲ್ಲ! ಹಾರೋಹಳ್ಳಿಯಲ್ಲಿ ದಿನಕ್ಕೆ 18 ಪುಸ್ತಕ ಹೋಗುವುದಿಲ್ಲ, ಅದನ್ನು ಹೇಳಲು ದೊಡ್ಡ ಬುದ್ಧಿ ಬೇಡ. ಪ್ರೀಮಿಯರ್ ಮುಚ್ಚಿದ್ದು ಯಾಕೆ, ಸ್ಟ್ರ್ಯಾಂಡ್ ಮುಚ್ಚಿದ್ದು ಯಾಕೆ ಎಂಬುದರ ಅರ್ಧ ಉತ್ತರ ಈ ಬಾಡಿಗೆಯಲ್ಲಿದೆ.

ಇನ್ನರ್ಧ ಫೋನಿನಲ್ಲಿ. 2007ರಲ್ಲಿ ಫ್ಲಿಪ್‌ಕಾರ್ಟ್ ಬೆಂಗಳೂರಿನಲ್ಲಿ ಶುರುವಾದದ್ದೇ ಪುಸ್ತಕ ಮಾರಲು. ಅದರ ಹುಡುಗರು ಆರಂಭದಲ್ಲಿ ಪುಸ್ತಕದಂಗಡಿಯ ಹೊರಗೆ ನಿಂತು ಬರುವ ಗಿರಾಕಿಗಳಿಗೆ ತಮ್ಮ ಹೆಸರಿನ ಬುಕ್‌ಮಾರ್ಕ್ ಹಂಚಿದ್ದರು. ಒಬ್ಬನ ಅಂಗಡಿ ಬಾಗಿಲಲ್ಲಿ ನಿಂತು ಅವನ ಗಿರಾಕಿಯನ್ನು ಕರೆಯುವುದು! ನಮ್ಮ ಪೇಟೆಯಲ್ಲಿ ಹೀಗೆ ಮಾಡಿದ್ದರೆ ಪಂಚಾಯಿತಿ ಆಗುತ್ತಿತ್ತು. 2013ರಲ್ಲಿ ಅಮೆಜಾನ್ ಬಂತು. ದೊಡ್ಡ ಮಳಿಗೆಗಳು ಕೊಡುವ ರಿಯಾಯಿತಿಯನ್ನು ಸಣ್ಣ ಅಂಗಡಿ ಕೊಡಲಿಕ್ಕೆ ಆಗುವುದಿಲ್ಲ. ಇದರ ಮೇಲೆ 2024ರ ಡಿಸೆಂಬರಿನಲ್ಲಿ ಅಂಚೆ ಇಲಾಖೆ ರಿಜಿಸ್ಟರ್ಡ್ ಬುಕ್ ಪೋಸ್ಟ್ ಎಂಬ ಅಗ್ಗದ ದರವನ್ನು ನಿಲ್ಲಿಸಿತು. ಹಳ್ಳಿಗೆ ಪುಸ್ತಕ ಕಳಿಸುತ್ತಿದ್ದ ಸಣ್ಣ ಪ್ರಕಾಶಕರಿಗೆ ಇದರಿಂದ ಬಿದ್ದ ಪೆಟ್ಟು ಸಣ್ಣದಲ್ಲ.

ಆದರೂ ಚರ್ಚ್ ಸ್ಟ್ರೀಟಿನ ಅಂಗಡಿಗಳು ನಿಂತಿವೆ. ಬೆಂಗಳೂರಿನ ಕನ್ನಡದ ಅಂಗಡಿಗಳೂ ನಿಂತಿವೆ: ಗಾಂಧಿ ಬಜಾರಿನ ಅಂಕಿತ, ರಾಜಾಜಿನಗರದ ಆಕೃತಿ, ಜಯನಗರದ ಟೋಟಲ್ ಕನ್ನಡ. 1967ರಲ್ಲಿ ಗಾಂಧಿನಗರದಲ್ಲಿ ಸಣ್ಣದಾಗಿ ಶುರುವಾದ ಸಪ್ನ ಇವತ್ತು ಊರೂರಲ್ಲಿ ಶಾಖೆ ತೆರೆದಿದೆ. ಕೆಲವರು ಹಳೆ ಪುಸ್ತಕದಿಂದ ಉಳಿದರು, ಅದರಲ್ಲಿ ಕೊಂಡ ಬೆಲೆಗೂ ಮಾರುವ ಬೆಲೆಗೂ ಅಂತರ ಹೆಚ್ಚು. ಕೆಲವರು ತಾವೇ ಪ್ರಕಾಶಕರಾಗಿ ಉಳಿದರು. ಕೆಲವರು ಪುಸ್ತಕ ಬಿಡುಗಡೆ, ಲೇಖಕರ ಮಾತುಕತೆ ಇಟ್ಟು ಜನ ಸೇರಿಸಿದರು. ಬರೀ ಕಮಿಷನ್ ನಂಬಿ ಬಾಡಿಗೆ ಕಟ್ಟಿದವರು ಉಳಿದದ್ದು ಕಡಿಮೆ.

ಹಾಗಾದರೆ ಹಾರೋಹಳ್ಳಿಯಂಥ ಜಾಗಕ್ಕೆ ಏನು ದಾರಿ? ಇಲ್ಲಿ ಶುಕ್ರವಾರ ಜುಮಾ ಮುಗಿದ ಮೇಲೆ ಮಸೀದಿ ಗೇಟಿನ ಹೊರಗೆ ಒಬ್ಬರು ಟಾರ್ಪಾಲು ಹಾಸುತ್ತಾರೆ. ಅತ್ತರು, ಟೋಪಿ, ತಸ್ಬೀಹ್, ಮಿಸ್ವಾಕ್, ಒಂದು ಮೂಲೆಯಲ್ಲಿ ಹತ್ತು ಹನ್ನೆರಡು ಕಿತಾಬು, ಹೆಚ್ಚಿನವು ಉರ್ದು. "ಕಾಕಾ, ಕನ್ನಡದ್ದು ಯಾಕೆ ಇಡೋದಿಲ್ಲ?" ಅಂತ ಕೇಳಿದೆ. "ಅತ್ತರು ಜೇಬಲ್ಲಿ ಹಿಡಿಸ್ತದೆ ಉಸ್ತಾದೇ, ಪುಸ್ತಕ ಬಸ್ಸಲ್ಲಿ ಹೊರಬೇಕು" ಅಂದರು. ಆದರೆ ಬಾಡಿಗೆ ಇಲ್ಲದ ಜಾಗ, ವಾರಕ್ಕೊಮ್ಮೆ ಜನ ತಾವಾಗಿ ಸೇರುವ ಹೊತ್ತು, ಮಾಯಿಗೌಡರ ಫುಟ್‌ಪಾತ್‌ನಲ್ಲಿ ಇದ್ದದ್ದೂ ಇಷ್ಟೇ ಅಲ್ಲವೇ?

ಇನ್ನೊಂದು ದಾರಿ ನಮ್ಮ ಬೇಕರಿಗಳು. ಬಾಡಿಗೆ ಹೇಗೂ ಕಟ್ಟುತ್ತಿದ್ದೀರಿ, ಹುಡುಗ ಹೇಗೂ ನಿಂತಿದ್ದಾನೆ. ಕ್ಯಾಶ್ ಕೌಂಟರ್ ಪಕ್ಕ ನಾಲ್ಕು ಅಡಿ ಶೆಲ್ಫು ಇಟ್ಟರೆ ಮೇಲಿನ ಲೆಕ್ಕದ 23,000 ಹೋಯಿತು. ದಿನಕ್ಕೆ ಒಂದೇ ಒಂದು ಪುಸ್ತಕ ಹೋದರೂ ತಿಂಗಳಿಗೆ 1,300 ರೂಪಾಯಿ ಉಳಿಕೆ. ಬನ್ನು ಮೂರು ದಿನಕ್ಕೆ ಹಾಳು, ಪುಸ್ತಕಕ್ಕೆ ಆ ತಲೆನೋವಿಲ್ಲ. ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿಯೂ ಇಲ್ಲ. 300 ಪುಸ್ತಕದ ಶೆಲ್ಫಿಗೆ ಮೇಲಿನ ದರದಲ್ಲಿ 39,000 ಬೇಕು, 60 ಪುಸ್ತಕದಿಂದ ಶುರು ಮಾಡಿದರೆ 7,800 ಸಾಕು. ಹೋಗದಿದ್ದರೆ ವಾಪಸು ತೆಗೆದುಕೊಳ್ಳುವ ಪ್ರಕಾಶಕರನ್ನು ಮೊದಲೇ ಕೇಳಿ ಇಟ್ಟುಕೊಳ್ಳಬೇಕು. ಅದು ಬಾಯಿಮಾತಲ್ಲಿ ಬೇಡ, ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಸಾಲ ಕೊಡುವ ವಿಷಯದಲ್ಲಿ ನಾನು ಹೇಳುವುದೇನೂ ಇಲ್ಲ, ಸಾಲದ ಪುಸ್ತಕ ಹೇಗೆ ಬರೆಯುವುದು ಅಂತ ನಮ್ಮವರಿಗೆ ಕಲಿಸುವುದು ಬೇಡ.

ಓದುವವರು ಇದ್ದಾರೆಯೇ? ನಾನು ಪಾಠ ಮಾಡುವ ಮಕ್ಕಳ ಮನೆಗಳಲ್ಲಿ ನೋಡಿದ್ದು ಹೇಳುತ್ತೇನೆ. 2025ರ ಮೇ ತಿಂಗಳಲ್ಲಿ ಹಾಸನದ ಬಾನು ಮುಷ್ತಾಕ್ ಅವರಿಗೆ ಅಂತಾರಾಷ್ಟ್ರೀಯ ಬೂಕರ್ ಬಂದಾಗ, ದೀಪಾ ಭಾಸ್ತಿಯವರು ಇಂಗ್ಲಿಷಿಗೆ ತಂದ ಆ 12 ಕಥೆಗಳು ಕನ್ನಡದಲ್ಲಿ ಎಲ್ಲಿ ಸಿಗುತ್ತವೆ ಎಂದು ಕೇಳಿದವರಲ್ಲಿ ಗಂಡಸರಿಗಿಂತ ಹೆಂಗಸರೇ ಹೆಚ್ಚು. ಗಂಡ ಪಾಳಿಗೆ ಹೋದ ಮೇಲೆ, ಮಕ್ಕಳು ಶಾಲೆಗೆ ಹೋದ ಮೇಲೆ ಬಾಡಿಗೆ ಮನೆಯ ಎರಡು ಕೋಣೆಯಲ್ಲಿ ಉಳಿಯುವವರು ಅವರು. ಊರಿನಲ್ಲಾದರೆ ಪಕ್ಕದಲ್ಲಿ ತವರಿನವರು, ನೆಂಟರು. ಇಲ್ಲಿ ಯಾರೂ ಇಲ್ಲ. ಅವರು ಮೆಜೆಸ್ಟಿಕ್‌ವರೆಗೆ ಹೋಗಿ ಅಂಗಡಿ ಹುಡುಕುವುದಿಲ್ಲ. ಬೇಕರಿಯವರೆಗೆ ಬರುತ್ತಾರೆ. ಫ್ಯಾಕ್ಟರಿ ಹುಡುಗರು ಕೇಳುವುದು ಬೇರೆ: ಪೊಲೀಸ್ ಪರೀಕ್ಷೆ, ಡಿಪ್ಲೊಮಾ, ಸ್ಪೋಕನ್ ಇಂಗ್ಲಿಷ್. ಹತ್ತಿರದಲ್ಲೇ ವಿಶ್ವವಿದ್ಯಾಲಯದ ಕ್ಯಾಂಪಸ್ಸುಗಳೂ ಇವೆ, ಆ ಮಕ್ಕಳ ಹಳೆ ಪಠ್ಯಪುಸ್ತಕ ಪ್ರತಿ ವರ್ಷ ಗುಜರಿಗೆ ತೂಕದಲ್ಲಿ ಹೋಗುತ್ತದೆ. ಬೆಂಗಳೂರಿನ ಅವೆನ್ಯೂ ರಸ್ತೆ ಬದುಕಿದ್ದೇ ಇಂಥ ಹಳೆ ಪಠ್ಯದ ಮೇಲೆ. ತೂಕದಲ್ಲಿ ಕೊಂಡು ಅರ್ಧ ಬೆಲೆಗೆ ಮಾರುವುದರಲ್ಲಿ ಎಷ್ಟು ಉಳಿಯುತ್ತದೆ ಎಂದು ಗುಜರಿ ವ್ಯಾಪಾರದಲ್ಲಿರುವ ನಮ್ಮವರೇ ಹೇಳಲಿ.

ಸದ್ಯಕ್ಕೆ ಇಲ್ಲಿ ಹದಿನಾಲ್ಕು ಮನೆಯವರು ಸೇರಿ ತಿಂಗಳಿಗೆ 100 ರೂಪಾಯಿಯಂತೆ ಹಾಕುತ್ತಿದ್ದೇವೆ. ಗ್ರಂಥಮಾಲೆಯ ಚಂದಾ ಉಪಾಯವೇ, ಹೆಸರು ಮಾತ್ರ ಚೀಟಿ. 1,400 ರೂಪಾಯಿಗೆ ಏಳೆಂಟು ಪುಸ್ತಕ ಬರುತ್ತದೆ, ಮನೆಯಿಂದ ಮನೆಗೆ ತಿರುಗುತ್ತದೆ, ವರ್ಷದ ಕೊನೆಗೆ ಹಂಚಿಕೊಳ್ಳುವುದು ಎಂದು ಮಾತು. ಬೆಂಗಳೂರಿಗೆ ಸಾಮಾನು ತರಲು ಹೋಗುವ ಬೇಕರಿಯವರ ಗಾಡಿಯಲ್ಲೇ ಪುಸ್ತಕದ ಕಟ್ಟೂ ಬರುತ್ತದೆ, ಮೈದಾ ಮೂಟೆಯ ಮೇಲೆ. ಹೋದ ತಿಂಗಳು ಪಟ್ಟಿ ಮಾಡುವಾಗ ಜಗಳವಾಯಿತು. ಗಂಡಸರು ಆರೋಗ್ಯ ಮತ್ತು ವ್ಯಾಪಾರದ ಪುಸ್ತಕ ಅಂದರು, ಹೆಂಗಸರು ಕಾದಂಬರಿ ಅಂದರು, ಎಂಟನೇ ತರಗತಿಯ ಒಬ್ಬ ಹುಡುಗಿ ಪತ್ತೇದಾರಿ ಬೇಕೇ ಬೇಕು ಅಂತ ಹಟ ಹಿಡಿದಳು. ಮೂರು ಕಾದಂಬರಿ, ಎರಡು ಆರೋಗ್ಯದ್ದು, ಒಂದು ವ್ಯಾಪಾರದ್ದು, ಒಂದು ಪತ್ತೇದಾರಿ ಅಂತ ತೀರ್ಮಾನ ಆಯಿತು. ಪತ್ತೇದಾರಿ ಈಗ ಐದನೇ ಮನೆಯಲ್ಲಿದೆ, ವ್ಯಾಪಾರದ ಪುಸ್ತಕ ಇನ್ನೂ ಮೊದಲನೇ ಮನೆ ಬಿಟ್ಟಿಲ್ಲ.